ವೈಫೈ ಫುಲ್ ಇದ್ದರೂ ನೆಟ್ ಯಾಕೆ ಸ್ಲೋ?

ಪ್ರಶ್ನೆ: ಮನೆಗೆ ಕೇಬಲ್ ಸಂಪರ್ಕ ಇಲ್ಲ. ಸಿಮ್ ಹಾಕುವ ರೂಟರ್ ತಂದು ಎಲ್ಲರೂ ಅದನ್ನೇ ಬಳಸುತ್ತಿದ್ದೇವೆ. ವೈಫೈ ಫುಲ್ ತೋರಿಸುತ್ತದೆ, ಆದರೂ ವಿಡಿಯೊ ನಿಂತು ನಿಂತು ಬರುತ್ತದೆ. ರಿಪೀಟರ್ ಹಾಕಿದರೆ ಸ್ಪೀಡ್ ಜಾಸ್ತಿ ಆಗುತ್ತಾ?

ಉತ್ತರ: ಆಗುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಒಬ್ಬರು ರಿಪೀಟರ್ ಅಂತಾರೆ, ಇನ್ನೊಬ್ಬರು ಬೂಸ್ಟರ್ ಅಂತಾರೆ, ಮತ್ತೊಬ್ಬರು ಆರು ಆಂಟೆನಾ ಇರುವ ದೊಡ್ಡ ರೂಟರ್ ಅಂತಾರೆ. ಎಲ್ಲದರ ಹಿಂದಿರುವ ನಂಬಿಕೆ ಒಂದೇ: ವೈಫೈ ಫುಲ್ ಇದ್ದರೆ ನೆಟ್ ಫಾಸ್ಟ್. ಇದನ್ನು ಇವತ್ತು ಬುಡಸಮೇತ ಕಿತ್ತುಹಾಕೋಣ.

ನಿಮ್ಮ ಮನೆಗೆ ನೆಟ್ ಎರಡು ಹಂತದಲ್ಲಿ ಬರುತ್ತದೆ. ಮೊದಲು ಟವರ್‌ನಿಂದ ರೂಟರ್‌ಗೆ, ಆಮೇಲೆ ರೂಟರ್‌ನಿಂದ ಫೋನಿಗೆ. ಫೋನಿನಲ್ಲಿ ಕಾಣುವ ವೈಫೈ ಗುರುತು ಈ ಎರಡನೇ ಹಂತದ ಸುದ್ದಿಯನ್ನಷ್ಟೇ ಹೇಳುತ್ತದೆ. ನಂಬಿಕೆ ಬರಲಿಲ್ವಾ? ರೂಟರ್‌ನ ಸಿಮ್ ತೆಗೆದು ನೋಡಿ. ನೆಟ್ ಪೂರ್ತಿ ಹೋಗುತ್ತದೆ, ವೈಫೈ ಮಾತ್ರ ಫುಲ್ ಆಗಿಯೇ ಇರುತ್ತದೆ. ಪಕ್ಕದಲ್ಲಿ ಒಂದು ಆಶ್ಚರ್ಯಚಿಹ್ನೆ ಬರಬಹುದು, ಅಷ್ಟೇ.

ರಿಪೀಟರ್ ಮಾಡುವುದೂ ಎರಡನೇ ಹಂತದ ಕೆಲಸವನ್ನೇ. ರೂಟರ್ ಕೊಟ್ಟಿದ್ದನ್ನು ಮುಂದಿನ ಕೋಣೆಗೆ ದಾಟಿಸುತ್ತದೆ. ಬಾವಿಯಲ್ಲಿ ನೀರಿದ್ದರೆ ತಾನೇ ಬಿಂದಿಗೆಗೆ ಬರುವುದು? ಅದರಲ್ಲೂ ಕಡಿಮೆ ಬೆಲೆಯ ಎಷ್ಟೋ ರಿಪೀಟರ್‌ಗಳು ಒಂದೇ ಚಾನೆಲ್‌ನಲ್ಲಿ (ವೈಫೈ ಓಡಾಡುವ ರೇಡಿಯೊ ದಾರಿ) ಕೇಳಿಸಿಕೊಂಡು, ಅದೇ ಚಾನೆಲ್‌ನಲ್ಲಿ ಮತ್ತೆ ಕಳಿಸುತ್ತವೆ. ಆಗ ಇದ್ದ ಸ್ಪೀಡೂ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಹಾಗಾದರೆ ತೊಂದರೆ ಯಾವ ಹಂತದಲ್ಲಿದೆ? ರೂಟರ್ ಪಕ್ಕದಲ್ಲೇ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಅಲ್ಲಿ ಚೆನ್ನಾಗಿದ್ದು ದೂರದ ಕೋಣೆಯಲ್ಲಿ ಮಾತ್ರ ಕುಸಿದರೆ ರಿಪೀಟರ್ ಬಗ್ಗೆ ಯೋಚಿಸಿ. ಪಕ್ಕದಲ್ಲೇ ಸ್ಲೋ ಇದ್ದರೆ ಟವರ್ ಕಡೆ ನೋಡಬೇಕು. ದಯವಿಟ್ಟು ದುಡ್ಡು ಖರ್ಚು ಮಾಡುವ ಮೊದಲು ಇದೊಂದು ಕೆಲಸ ಮಾಡಿ.

ಟವರ್ ಕಡೆಯ ನಿಜವಾದ ಲೆಕ್ಕ ರೂಟರ್‌ನ ಒಳಗೇ ಇರುತ್ತದೆ. ಬ್ರೌಸರ್‌ನಲ್ಲಿ 192.168.1.1 ಅಥವಾ ರೂಟರ್ ಹಿಂದೆ ಬರೆದಿರುವ ವಿಳಾಸ ಹಾಕಿ ಒಳಗೆ ಹೋಗಿ. ಟವರ್ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ಹೇಳುವ ಆರ್‌ಎಸ್‌ಆರ್‌ಪಿ (RSRP) ಅನ್ನುವ ಸಂಖ್ಯೆ ಹುಡುಕಿ. ಅದು ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -80 ಇದ್ದರೆ ಭೇಷ್, -110 ಅಂದರೆ ಕಷ್ಟ. 10 ಅಂಕ ಸುಧಾರಿಸಿದರೆ ಸಿಗ್ನಲ್‌ನ ಶಕ್ತಿ 10 ಪಟ್ಟು ಹೆಚ್ಚಿದ ಹಾಗೆ. ಜೊತೆಗೆ ಎಸ್‌ಐಎನ್‌ಆರ್ (SINR) ಕೂಡ ನೋಡಿ. ಅದು ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟ ಅಂತ ಹೇಳುತ್ತದೆ. 20 ದಾಟಿದರೆ ಬಹಳ ಚೆನ್ನಾಗಿದೆ, ಸೊನ್ನೆಯ ಆಸುಪಾಸಿನಲ್ಲಿದ್ದರೆ ಸ್ಪೀಡ್ ಸಿಗುವುದಿಲ್ಲ.

ಈಗ ರೂಟರನ್ನು ಟಿವಿ ಹಿಂದಿನಿಂದ, ಕಬ್ಬಿಣದ ಬೀರುವಿನ ಪಕ್ಕದಿಂದ ತೆಗೆಯಿರಿ. ಕಿಟಕಿಗೆ ತನ್ನಿ. ಒಂದೆರಡು ನಿಮಿಷ ಬಿಟ್ಟು ಸಂಖ್ಯೆ ಬರೆದುಕೊಳ್ಳಿ. ಇನ್ನೊಂದು ದಿಕ್ಕಿನ ಕಿಟಕಿ, ಆಮೇಲೆ ಮೇಲಿನ ಮಹಡಿ. ಹೀಗೆ ಜಾಗ ಬದಲಿಸಿದ್ದಕ್ಕೇ ನೆಟ್ ಸರಿಹೋದ ಮನೆಗಳು ಬೇಕಾದಷ್ಟಿವೆ. ಸಂಖ್ಯೆಗಳು ಚೆನ್ನಾಗಿದ್ದೂ ರಾತ್ರಿ ಹೊತ್ತು ಮಾತ್ರ ಸ್ಲೋ ಆದರೆ ಟವರ್ ಮೇಲೆ ಜನ ಜಾಸ್ತಿ ಅಂತ ಅರ್ಥ. ಆಗ ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ದಾರಿ.

ಫೋನಿನ ಹಾಟ್‌ಸ್ಪಾಟ್ ಸಾಲದಾ ಅಂತಲೂ ಕೇಳುತ್ತಾರೆ. ಒಬ್ಬರಿಗೆ, ಸ್ವಲ್ಪ ಹೊತ್ತಿಗೆ ಸಾಕು. ಇಡೀ ಮನೆಗೆ ಬೇಡ. ಫೋನ್ ಬಿಸಿಯಾಗುತ್ತದೆ, ಫೋನ್ ಇಟ್ಟುಕೊಂಡವರು ಹೊರಗೆ ಹೋದರೆ ನೆಟ್ಟೂ ಅವರ ಜೊತೆ ಹೋಗುತ್ತದೆ.

ನೀವು ಕೇಳಿಲ್ಲ, ಆದರೂ ಒಂದು ಮಾತು. ಎಲ್ಲ ಸರಿಹೋದ ಮೇಲೆ ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೋಡೋಣ ಅನಿಸುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಮಾಡುತ್ತೀರಿ, ಅಂದರೆ ಹೊರಗಿನಿಂದ ಬಂದ ಕೋರಿಕೆಯನ್ನು ನೇರ ಕ್ಯಾಮೆರಾಗೆ ಕಳಿಸು ಅಂತ ರೂಟರ್‌ಗೆ ಹೇಳಿಡುತ್ತೀರಿ. ಅದು ಕೆಲಸ ಮಾಡುವುದೇ ಇಲ್ಲ. ತಪ್ಪು ನಿಮ್ಮದಲ್ಲ. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು (ಇಂಟರ್‌ನೆಟ್‌ನಲ್ಲಿ ನಿಮ್ಮನ್ನು ಗುರುತಿಸುವ ಸಂಖ್ಯೆ) ಎಷ್ಟೋ ಗ್ರಾಹಕರಿಗೆ ಹಂಚುತ್ತವೆ. ಹೊರಗಿನಿಂದ ಬಂದ ಕೋರಿಕೆ ಕಂಪನಿಯ ಬಾಗಿಲಲ್ಲೇ ನಿಲ್ಲುತ್ತದೆ, ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಕ್ಯಾಮೆರಾ ಕಂಪನಿಯ ಆ್ಯಪ್ ಮಾತ್ರ ನಡೆಯುತ್ತದೆ, ಯಾಕೆಂದರೆ ಅಲ್ಲಿ ಕ್ಯಾಮೆರಾವೇ ಒಳಗಿನಿಂದ ಹೊರಗೆ ಸಂಪರ್ಕ ಮಾಡುತ್ತದೆ. ರೂಟರ್ ಪುಟದಲ್ಲಿರುವ ವ್ಯಾನ್ ಐಪಿಯನ್ನೂ (WAN IP, ಕಂಪನಿ ನಿಮ್ಮ ರೂಟರ್‌ಗೆ ಕೊಟ್ಟ ವಿಳಾಸ) ಐಪಿ ತೋರಿಸುವ ಯಾವುದಾದರೂ ತಾಣ ಹೇಳುವ ಐಪಿಯನ್ನೂ ಹೋಲಿಸಿ. ಎರಡೂ ಬೇರೆಯಾಗಿದ್ದರೆ ಪೋರ್ಟ್ ಫಾರ್ವರ್ಡಿಂಗ್ ಕೈಬಿಟ್ಟು ಆ ಆ್ಯಪ್ ಬಳಸಿ, ಅಥವಾ ಅದರಂತೆಯೇ ಒಳಗಿನಿಂದ ಹೊರಗೆ ಸಂಪರ್ಕ ಮಾಡುವ ವಿಪಿಎನ್ (ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ಖಾಸಗಿ ದಾರಿ) ಬಳಸಿ.