ತೂಕ ಇದೆ ಸರಿ, ಮಾಂಸಖಂಡ ಇದೆಯಾ?

"ತೂಕ ಇಳಿದಿಲ್ಲ, ಹೊಟ್ಟೆನೂ ಹಾಗೇ ಇದೆ. ಆಪರೇಷನ್ ತಡ್ಕೋತಾರೆ ಬಿಡಿ ಡಾಕ್ಟ್ರೇ." ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮಾಡುವ ನಮಗೆ ರೋಗಿಯ ಮನೆಯವರು ಹೇಳುವ ಮಾಮೂಲಿ ಮಾತು ಇದು. ಅವರ ತಪ್ಪೇನಿಲ್ಲ. ಕೇಸ್ ಶೀಟಿನಲ್ಲೂ ತೂಕ, ಎತ್ತರ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಅಷ್ಟೇ ಇರುತ್ತದೆ. ಆ ತೂಕದಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು ಅನ್ನುವುದು ತೂಕದ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಸಿಟಿ ಸ್ಕ್ಯಾನಿಗೆ ಗೊತ್ತಾಗುತ್ತದೆ. ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಅಂತ ನೋಡಲು ಹೇಗೂ ಸ್ಕ್ಯಾನ್ ಮಾಡಿಸಿರುತ್ತಾರೆ, ಹೊಸ ಸ್ಕ್ಯಾನ್ ಬೇಕಿಲ್ಲ. ಬೆನ್ನುಮೂಳೆಯಲ್ಲಿ ಸೊಂಟದ ಭಾಗದ ಮೂರನೇ ಮೂಳೆಯ ಮಟ್ಟದ ಒಂದು ಚಿತ್ರ ಸಾಕು. ಅದರಲ್ಲಿ ಕೊಬ್ಬು ಕಪ್ಪಗೆ, ಮಾಂಸಖಂಡ ಬೂದು ಬಣ್ಣದಲ್ಲಿ ಕಾಣುತ್ತದೆ. ಬೆನ್ನುಮೂಳೆಯ ಎರಡೂ ಪಕ್ಕ ದುಂಡಗೆ ಒಂದೊಂದು ಮಾಂಸಖಂಡ, ಹಿಂದೆ ಬೆನ್ನಿನವು, ಸುತ್ತ ಹೊಟ್ಟೆಗೋಡೆಯ ತೆಳು ಪದರ. ಇಷ್ಟರ ವಿಸ್ತೀರ್ಣ ಅಳೆದು ಎತ್ತರದ ವರ್ಗದಿಂದ (ಎತ್ತರ × ಎತ್ತರ) ಭಾಗಿಸುತ್ತೇವೆ. ಕೆಲವರಲ್ಲಿ ಆ ಬೂದು ಭಾಗದೊಳಗೇ ಕಪ್ಪು ಗೀರುಗಳು ಕಾಣುತ್ತವೆ. ಎಳೆಗಳ ನಡುವೆ ಕೊಬ್ಬು ಸೇರಿಕೊಂಡಿದೆ ಅಂತ ಅರ್ಥ. ಅಂಥ ಮಾಂಸಖಂಡಕ್ಕೆ ಗಾತ್ರ ಇದ್ದರೂ ಕಸುವು ಕಮ್ಮಿ.

ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ನ ಒಂದರಿಂದ ಮೂರನೇ ಹಂತದ (ದೂರದ ಅಂಗಗಳಿಗೆ ಹರಡದ) 3,262 ರೋಗಿಗಳ ಸ್ಕ್ಯಾನ್ ಹೀಗೆ ಅಳೆದು 2017ರಲ್ಲಿ ವರದಿ ಮಾಡಿದರು. ಶೇ. 42ರಷ್ಟು ಜನರಲ್ಲಿ ಮಾಂಸಖಂಡ ಕಡಿಮೆ ಇತ್ತು. ಅವರೆಲ್ಲ ಸಣಕಲರೇನಲ್ಲ. ಉಳಿದವರಿಗಿಂತ ಅವರಿಗೆ ಸಾವಿನ ಅಪಾಯ ಶೇ. 27ರಷ್ಟು ಜಾಸ್ತಿ ಇತ್ತು.

ಯಾಕೆ ಹೀಗೆ? ಆಪರೇಷನ್ ಆದ ಮೇಲೆ ಗಾಯ ಮಾಯಲು, ಸೋಂಕಿನ ಜೊತೆ ಸೆಣಸಲು ಬೇಕಾದ ಪ್ರೋಟೀನನ್ನು ದೇಹ ಮಾಂಸಖಂಡದಿಂದಲೇ ತೆಗೆಯುತ್ತದೆ. ಅಲ್ಲೇ ಇಲ್ಲದಿದ್ದರೆ? ಕೆಮ್ಮಿ ಕಫ ಹೊರಹಾಕಲೂ ಶಕ್ತಿ ಸಾಲದೆ ನ್ಯುಮೋನಿಯಾ ಹಿಡಿಯುತ್ತದೆ. ಕೀಮೋದಲ್ಲಿ ಇನ್ನೊಂದು ತೊಡಕು. ಡೋಸ್ ಲೆಕ್ಕ ಹಾಕುವುದು ಎತ್ತರ, ತೂಕ ನೋಡಿ. ಒಂದೇ ಎತ್ತರದ, ಎಪ್ಪತ್ತು ಕೆಜಿಯ ಇಬ್ಬರಿಗೂ ಒಂದೇ ಡೋಸ್ ಹೋಗುತ್ತದೆ. ಮಾಂಸಖಂಡ ಕಮ್ಮಿ ಇದ್ದವರಿಗೆ ಬಾಯಿಹುಣ್ಣು, ಭೇದಿ, ಬಿಳಿ ರಕ್ತಕಣ ಕುಸಿಯುವುದು ಜಾಸ್ತಿ. ಆಮೇಲೆ ಡೋಸ್ ಇಳಿಸಬೇಕು, ಇಲ್ಲವೇ ಕೀಮೋದ ಮುಂದಿನ ಸುತ್ತನ್ನು ಮುಂದಕ್ಕೆ ಹಾಕಬೇಕು. ಇನ್ನು ಕರುಳಿನ ಸುತ್ತಲ ಕೊಬ್ಬು ನಮ್ಮ ಕೈಗೆ ಅಡ್ಡ ಬರುತ್ತದೆ, ಅದರಲ್ಲೂ ಗಂಡಸರ ಕಿರಿದಾದ ಕಿಬ್ಬೊಟ್ಟೆಯಲ್ಲಿ.

ನಮ್ಮವರ ವಿಷಯದಲ್ಲಿ ಬಿಎಂಐ ಇನ್ನೂ ಮೋಸ ಮಾಡುತ್ತದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ಪ್ರಕಟಿಸಿದ್ದರು. ಇಬ್ಬರ ಬಿಎಂಐ ಕೂಡ 22.3. ಮೈಕೊಬ್ಬು ಮಾತ್ರ ಯಾಜ್ಞಿಕರಿಗೆ ಶೇ. 21.2, ಯುಡ್ಕಿನರಿಗೆ ಶೇ. 9.1!

ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಗಂಜಿ, ಎಳನೀರು, ಹಣ್ಣಿನ ಜ್ಯೂಸ್ ಶುರು. ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಅದರಲ್ಲಿ ಪ್ರೋಟೀನ್ ಎಲ್ಲಿದೆ? ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಬೇಕು. ಅರವತ್ತು ಕೆಜಿಯವರಿಗೆ 60ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದೇ ಸುಮಾರು 6 ಗ್ರಾಂ. ಮೊಟ್ಟೆ, ಮೀನು, ಕೋಳಿ, ಇಲ್ಲವೇ ಗಟ್ಟಿ ಬೇಳೆ, ಮೊಸರು, ಪನೀರ್, ಸೋಯಾ ಹೀಗೆ ಒಗ್ಗುವುದನ್ನು ದಿನವಿಡೀ ಹಂಚಿ ಕೊಡಿ. ಕಿಡ್ನಿ ತೊಂದರೆ ಇದ್ದರೆ, ಕರುಳು ಕಟ್ಟಿಕೊಂಡಿದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. "ಹೊಟ್ಟೆ ಕರಗಲಿ" ಅಂತ ಈಗ ಊಟ ಬಿಡಿಸುವುದಂತೂ ಬೇಡವೇ ಬೇಡ.

ಆಪರೇಷನ್‌ಗೆ ಮುಂಚಿನ ಕೆಲವು ವಾರಗಳನ್ನು ಸುಮ್ನೆ ಕಳೆಯಬಾರದು. 251 ರೋಗಿಗಳ ಒಂದು ಪ್ರಯೋಗದಲ್ಲಿ ಒಂದು ಗುಂಪಿಗೆ ನಾಲ್ಕು ವಾರ ವ್ಯಾಯಾಮ, ಪ್ರೋಟೀನ್, ಮನಸ್ಸಿಗೆ ಧೈರ್ಯ, ಸಿಗರೇಟ್ ಬಿಡಿಸುವುದು ಎಲ್ಲವನ್ನೂ ಒಟ್ಟಿಗೆ ಮಾಡಿಸಿದರು. ಆಪರೇಷನ್ ಆದ ಮೇಲಿನ ಗಂಭೀರ ತೊಂದರೆಗಳು ಇನ್ನೊಂದು ಗುಂಪಿನಲ್ಲಿ ಶೇ. 29.7 ಇದ್ದರೆ, ಈ ಗುಂಪಿನಲ್ಲಿ ಶೇ. 17.1ಕ್ಕೆ ನಿಂತವು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕೈಗಳನ್ನು ಎದೆಗೆ ಕಟ್ಟಿಕೊಂಡು, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಆಪರೇಷನ್ ದಿನ ಗೊತ್ತು ಮಾಡುವ ಮುಂಚೆಯೇ ಸರ್ಜನ್‌ಗೆ ತಿಳಿಸಿ. ಸ್ಕ್ಯಾನಿನಲ್ಲಿ ಮಾಂಸಖಂಡವನ್ನೂ ಅಳೆಯಿರಿ ಅಂತ ಕೇಳಿ.