ಹದ ತಪ್ಪಿದ ಮಳೆ: ಕಾಫಿ ತೋಟವೂ ತೊರೆಯ ಕಪ್ಪೆಯೂ

ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟಿನಲ್ಲಿ ಅಳೆಯುತ್ತಾರೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಒಬ್ಬರು 'ನಿಮ್ಮಲ್ಲಿ ಎಷ್ಟು ಬಿತ್ತು?' ಎಂದು ಕೇಳಿ, ಇನ್ನೊಬ್ಬರು 'ಒಂದು ಇಂಚು ಇಪ್ಪತ್ತು ಸೆಂಟು' ಎಂದರೆ, ಆ ತೋಟದ ಮುಂದಿನ ಫಸಲಿನ ಬಗ್ಗೆ ಅರ್ಧ ಭರವಸೆ ಬಂದಂತೆಯೇ. ಬೇಸಿಗೆಯಲ್ಲಿ ಸುಪ್ತವಾಗಿರುವ, ರೊಬಸ್ಟಾ ಎಂಬ ಬಗೆಯ ಕಾಫಿಯ ಮೊಗ್ಗುಗಳನ್ನು ಎಚ್ಚರಿಸುವುದು ಈ ಹೂಮಳೆ. ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಹೂವು ನಿಲ್ಲುವುದು ಕೆಲವೇ ದಿನ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದಾದ್ದರಿಂದ, ಹೆಜ್ಜೇನು ಮತ್ತು ತುಡುವೆ ಜೇನುಗಳು ಅಷ್ಟರೊಳಗೆ ತಮ್ಮ ಕೆಲಸ ಮುಗಿಸಬೇಕು. ಆಮೇಲೆ ಎರಡು ಮೂರು ವಾರಕ್ಕೆ 'ಬ್ಯಾಕಿಂಗ್' ಮಳೆ ಬಂದರೆ ಎಳೆಗಾಯಿ ನಿಲ್ಲುತ್ತದೆ, ಬಾರದಿದ್ದರೆ ಉದುರುತ್ತದೆ. ಇಲ್ಲಿ ವರ್ಷದ ಒಟ್ಟು ಮಳೆಯ ಅಂಕಿಗೆ ಅಷ್ಟೇನೂ ಅರ್ಥವಿಲ್ಲ. ಜುಲೈಯಲ್ಲಿ ನೂರು ಇಂಚು ಸುರಿದರೂ ಮಾರ್ಚ್‌ನ ಒಂದು ಇಂಚಿನ ಕೊರತೆ ತುಂಬುವುದಿಲ್ಲ.

ಹವಾಮಾನ ಬದಲಾವಣೆ ಕೆಡಿಸುತ್ತಿರುವುದು ಈ ಹದವನ್ನೇ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಹೀಗೆ ಕೂಡಿಟ್ಟ ನೀರು ಇಳಿಯುವಾಗ ಒಮ್ಮೆಲೇ ಇಳಿಯುತ್ತದೆ. ನಡುವೆ ಒಣ ದಿನಗಳು ಉದ್ದವಾಗುತ್ತವೆ. ಅರಬ್ಬೀ ಸಮುದ್ರ ಬಿಸಿಯಾಗುತ್ತಿರುವುದೂ ಇದಕ್ಕೆ ಜೊತೆಗೂಡಿದೆ. ಮಧ್ಯ ಭಾರತದಲ್ಲಿ ವಿಸ್ತಾರವಾದ ಪ್ರದೇಶದ ಮೇಲೆ ಸುರಿಯುವ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಸುಮಾರು ಮೂರು ಪಟ್ಟಾಗಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಮನೆ, ತೋಟ, ರಸ್ತೆ ಕೊಚ್ಚಿಹೋದದ್ದು ಇಂತಹ ಮಳೆಯ ದಿನಗಳಲ್ಲೇ. ಆದರೆ ಅದರ ಹೊಣೆಯನ್ನೆಲ್ಲ ಆಕಾಶಕ್ಕೆ ಹೊರಿಸಿದರೆ, ರಸ್ತೆಗೂ ಕಟ್ಟಡಕ್ಕೂ ಇಳಿಜಾರುಗಳನ್ನು ಕಡಿದವರು ಸುಲಭವಾಗಿ ಪಾರಾಗುತ್ತಾರೆ. 2021ರ ಜನವರಿಯಲ್ಲಿ ಬಂದ ಅಕಾಲಿಕ ಮಳೆ ಸುದ್ದಿಯಾದದ್ದು ಕಡಿಮೆ, ಆದರೆ ಬೆಳೆಗಾರರಿಗೆ ಅದು ಕೊಟ್ಟ ಪೆಟ್ಟು ಸಣ್ಣದಲ್ಲ: ಕಣದಲ್ಲಿ ಹರವಿದ್ದ ಕಾಫಿ ನೆನೆಯಿತು, ಹಣ್ಣು ಕೊಯ್ಯುವ ಮೊದಲೇ ಅದೇ ಗಿಡದಲ್ಲಿ ಹೂವು ಬಿರಿಯತೊಡಗಿತು.

ಮಳೆಯ ದಿನಗಣನೆಯನ್ನು ನಂಬಿ ಬದುಕುವವರು ಬೆಳೆಗಾರರಷ್ಟೇ ಅಲ್ಲ. ತೋಟದ ಪೊದೆಗಳಲ್ಲಿ ಕೂತು ಟಿಕ್ ಟಿಕ್ ಎನ್ನುವ ಪುಟ್ಟ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಎಲೆಯ ಮೇಲೋ ತೇವದ ತರಗೆಲೆಯಡಿಯೋ ಇಟ್ಟ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ ಹೊರಬರುತ್ತದೆ. ಕೊಳವನ್ನೇ ಬೇಡದ ಈ ಉಪಾಯಕ್ಕೆ ಒಂದು ಷರತ್ತಿದೆ: ಮೊಟ್ಟೆ ಒಡೆಯುವವರೆಗೆ ಗಾಳಿಯಲ್ಲಿ ಪಸೆ ಇರಬೇಕು. ಮುಂಗಾರು ನಡುವೆ ಬಿಡುವು ಕೊಟ್ಟು ಬಿಸಿಲು ಕಾದರೆ ಮೊಟ್ಟೆ ಒಣಗುತ್ತದೆ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯದು ಇನ್ನೂ ಸೂಕ್ಷ್ಮ ಸಂಸಾರ. ಉತ್ತರ ಕನ್ನಡದ ಕಾಡಿನ ತೊರೆಗಳಲ್ಲಿ, ನೀರಿನ ಮೇಲೆ ಚಾಚಿದ ಕಡ್ಡಿಗೆ ಹೆಣ್ಣು ಮೊಟ್ಟೆ ಅಂಟಿಸಿದ ಮೇಲೆ ಗಂಡು ಹಿಂಗಾಲಿನ ಮೇಲೆ ಎದ್ದು ನಿಂತು, ಮುಂಗೈಗಳಿಂದ ಕೆಸರು ತಂದು ಅದಕ್ಕೆ ಮೆತ್ತುತ್ತದೆ. ಈ ಮೆತ್ತಿಗೆಯಿಂದ ಮೊಟ್ಟೆಯ ತೇವ ಉಳಿಯುತ್ತದೆ, ಶತ್ರುವಿನ ಕಣ್ಣಿಗೂ ಅದು ಬೀಳುವುದಿಲ್ಲ. ಗೊದಮೊಟ್ಟೆ ಹೊರಬಂದು ಕೆಳಗಿನ ನೀರಿಗೆ ಬೀಳಬೇಕು. ತೊರೆ ರಾತ್ರೋರಾತ್ರಿ ಉಕ್ಕಿದರೆ ಕಡ್ಡಿಯೇ ಮುಳುಗುತ್ತದೆ; ಬತ್ತಿದರೆ ಕೆಳಗೆ ನೀರೇ ಇರುವುದಿಲ್ಲ. ಜಗತ್ತಿನ ಉಭಯವಾಸಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಅವುಗಳ ಶೇ. 41ರಷ್ಟು ಪ್ರಭೇದಗಳು ಅಳಿವಿನ ಅಪಾಯದಲ್ಲಿವೆ; 2004ರ ನಂತರ ಸ್ಥಿತಿ ಹದಗೆಟ್ಟ ಪ್ರಭೇದಗಳ ವಿಷಯದಲ್ಲಿ ಅತಿ ದೊಡ್ಡ ಕಾರಣ ಹವಾಮಾನ ಬದಲಾವಣೆಯೇ.

ಬೆಳೆಗಾರನಿಗೂ ಕಪ್ಪೆಗೂ ಕಷ್ಟ ಒಂದೇ ಆದರೂ ಉಪಾಯ ಒಂದೇ ಅಲ್ಲ. ಹೂಮಳೆ ಕೈಕೊಟ್ಟರೆ ಅನುಕೂಲವಿದ್ದ ಬೆಳೆಗಾರ ಸ್ಪ್ರಿಂಕ್ಲರ್ ಹಾಕಿ ಸುಮಾರು ಒಂದೂವರೆ ಇಂಚು ನೀರನ್ನು ತಾನೇ ಸುರಿಸಿಕೊಳ್ಳುತ್ತಾನೆ. ಒಂದು ಎಕರೆಗೆ ಒಂದೂವರೆ ಇಂಚು ಎಂದರೆ ಸುಮಾರು ಒಂದೂವರೆ ಲಕ್ಷ ಲೀಟರ್ ನೀರು, ಅದೂ ವರ್ಷದ ಅತಿ ಒಣ ದಿನಗಳಲ್ಲಿ. ಆಗ ತೊರೆಗಳು ಹರಿಯುವುದನ್ನು ನಿಲ್ಲಿಸಿ ಅಲ್ಲಲ್ಲಿ ಗುಂಡಿಗಳಾಗಿ ಉಳಿದಿರುತ್ತವೆ. ಮೀನು, ಏಡಿ, ಕಪ್ಪೆಗಳು ಮುಂಗಾರಿನವರೆಗೆ ಜೀವ ಹಿಡಿದಿರುವುದು ಆ ಗುಂಡಿಗಳಲ್ಲಿ. ನೀರೆಳೆಯುವ ಮೋಟಾರಿನ ಫುಟ್‌ವಾಲ್ವ್, ಅಂದರೆ ಪೈಪಿನ ತುದಿಯ ಕವಾಟ, ಇಳಿಯುವುದೂ ಅಲ್ಲಿಗೇ. ಒಂದು ಜೀವಿಯ ಹೊಂದಾಣಿಕೆ ಇನ್ನೊಂದರ ಸಂಕಟವನ್ನು ಹೆಚ್ಚಿಸುವ ಈ ಸಂಗತಿ ಹವಾಮಾನದ ಚರ್ಚೆಗಳಲ್ಲಿ ಬರುವುದು ಬಹಳ ಅಪರೂಪ. ಕೆಳಗಿನ ಎರಡು ಮೂರು ಎಕರೆಯ ಸಣ್ಣ ಹಿಡುವಳಿದಾರನೂ ಇಲ್ಲಿ ಕಪ್ಪೆಯ ಪಕ್ಷದವನೇ, ಏಕೆಂದರೆ ಮೇಲಿನ ತೋಟದವರು ನೀರೆತ್ತಿದ ಮೇಲೆ ಅವನ ಪಾಲಿಗೆ ಉಳಿಯುವುದು ಕೆಸರು.

ಜುಲೈಯ ನೀರನ್ನು ಕೆರೆ, ಹೊಂಡಗಳಲ್ಲಿ ತುಂಬಿಟ್ಟು ಮಾರ್ಚ್‌ನಲ್ಲಿ ಬಳಸುವ ದಾರಿ ಇದ್ದೇ ಇದೆ. ನೀರಿನ ಸಂಗ್ರಹಕ್ಕೂ ಸ್ಪ್ರಿಂಕ್ಲರ್‌ಗೂ ಕಾಫಿ ಮಂಡಳಿ ಸಹಾಯಧನ ನೀಡುತ್ತ ಬಂದಿದೆ. ನನ್ನ ಮಟ್ಟಿಗೆ, ಹೊಂಡವಿಲ್ಲದವರಿಗೆ ಸ್ಪ್ರಿಂಕ್ಲರ್ ಕೊಡುವುದೆಂದರೆ ತೊರೆಯನ್ನು ಬರಿದುಮಾಡಲು ಹಣ ಕೊಟ್ಟಂತೆ. ಮೊದಲು ಹೊಂಡ, ಅದರಲ್ಲೂ ನಾಲ್ಕೈದು ಸಣ್ಣ ಹಿಡುವಳಿಗಳಿಗೆ ಒಂದರಂತೆ ಹೊಂಡ, ಆಮೇಲೆ ಪೈಪು ಎಂಬ ಕ್ರಮವಿದ್ದರೆ ಬೇಸಿಗೆಯ ಗುಂಡಿಗಳಿಗೆ ಕೈಹಾಕುವ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ.