ಕ್ರಿಸ್ಟೋಫರ್‌ನ ಸುತ್ತ ಇದ್ದವರಿಂದ ಕಲಿಯುವುದೇನು?

ಓದುಗರ ಪ್ರಶ್ನೆ: ನಮ್ಮ ಅಕ್ಕನ ಮಗನಿಗೆ ಆಟಿಸಂ ಇದೆ. ‘ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್-ಟೈಮ್’ ಕಾದಂಬರಿ ಓದಿ, ಅವನು ಅರ್ಥವಾಗುತ್ತಾನೆ ಅಂತ ಹಲವರು ಹೇಳುತ್ತಾರೆ. ಪತ್ತೇದಾರಿ ಕಥೆಯಿಂದ ನಿಜವಾದ ಬದುಕಿಗೆ ಏನಾದರೂ ಸಿಗುತ್ತದೆಯೇ?

ಸಿಗುತ್ತದೆ. ಆದರೆ ಕಥೆ ಹೇಳುವ ಹುಡುಗನನ್ನು ನೋಡಿ ‘ಆಟಿಸಂ ಅಂದರೆ ಹೀಗೆ’ ಅಂದುಕೊಂಡು ಓದಿದರೆ ದಾರಿ ತಪ್ಪುತ್ತೀರಿ. ಅವನ ಸುತ್ತ ಇರುವ ದೊಡ್ಡವರನ್ನು ಗಮನಿಸುತ್ತಾ ಓದಿ. ಅವರು ಅವನ ಜೊತೆ ಹೇಗೆ ಮಾತಾಡುತ್ತಾರೆ, ಎಲ್ಲಿ ಎಡವುತ್ತಾರೆ, ಎಡವಿದ್ದನ್ನು ಹೇಗೆ ಸರಿಮಾಡಲು ನೋಡುತ್ತಾರೆ ಎಂಬುದರಲ್ಲೇ ನಿಮಗೆ ಬೇಕಾದ್ದು ಇದೆ. ಮುಂದೆ ಕಥೆಯ ಗುಟ್ಟು ಬಿಟ್ಟುಕೊಡಲೇಬೇಕಾಗುತ್ತದೆ. ಮೊದಲು ಕಾದಂಬರಿ ಓದಬೇಕು ಅನ್ನುವವರು ಓದಿ ಬಂದು ಇದನ್ನು ಮುಂದುವರಿಸಿ.

ಮಾರ್ಕ್ ಹ್ಯಾಡನ್ ಬರೆದ ಈ ಕಾದಂಬರಿ 2003ರಲ್ಲಿ ಬಂತು. ಕಥೆ ನಡೆಯುವುದು ಇಂಗ್ಲೆಂಡಿನ ಸ್ವಿಂಡನ್ ಊರಿನಲ್ಲಿ. ನಿರೂಪಕ ಕ್ರಿಸ್ಟೋಫರ್ ಬೂನ್‌ಗೆ 15 ವರ್ಷ. ಗಣಿತವೆಂದರೆ ಪ್ರಾಣ, ಅಧ್ಯಾಯಗಳಿಗೂ 2, 3, 5, 7 ಎಂದು ಅವಿಭಾಜ್ಯ ಸಂಖ್ಯೆಗಳನ್ನೇ ಕೊಡುತ್ತಾನೆ. ಒಂದು ರಾತ್ರಿ ರಸ್ತೆಯ ಎದುರು ಸಾಲಿನ ಮನೆಯ ವೆಲಿಂಗ್ಟನ್ ಎಂಬ ನಾಯಿ, ತೋಟದ ಕವಲುಗೋಲು ಚುಚ್ಚಿಸಿಕೊಂಡು ಸತ್ತು ಬಿದ್ದಿರುತ್ತದೆ. ಕೊಂದವರು ಯಾರು ಎಂದು ಇವನು ಹುಡುಕಲು ಹೊರಡುತ್ತಾನೆ.

ಶುರುವಿನಲ್ಲೇ ಬರುವ ಪೊಲೀಸನ ದೃಶ್ಯವನ್ನು ಎರಡು ಸಲ ಓದಿ. ಸತ್ತ ನಾಯಿಯನ್ನು ತಬ್ಬಿಕೊಂಡಿದ್ದ ಹುಡುಗನಿಗೆ ಪೊಲೀಸ್ ಒಂದರ ಮೇಲೊಂದು ಪ್ರಶ್ನೆ ಕೇಳುತ್ತಾನೆ. ವಯಸ್ಸೆಷ್ಟು ಅಂದರೆ ಹುಡುಗ ವರ್ಷ, ತಿಂಗಳು, ದಿನ ಸಮೇತ ಉತ್ತರಿಸುತ್ತಾನೆ. ತೋಟದಲ್ಲಿ ಏನು ಮಾಡುತ್ತಿದ್ದೆ ಎಂಬುದಕ್ಕೂ ಉತ್ತರವಿದೆ. ನಾಯಿಯನ್ನು ಯಾಕೆ ಹಿಡಿದುಕೊಂಡಿದ್ದೆ ಎಂಬಲ್ಲಿಗೆ ಬಂದಾಗ ತಡವರಿಸುತ್ತಾನೆ. ‘ಏನು’ ಎಂಬುದಕ್ಕೆ ಕಂಡದ್ದನ್ನು ಹೇಳಿದರೆ ಸಾಕು. ‘ಯಾಕೆ’ ಎಂಬುದಕ್ಕೆ ಮನಸ್ಸಿನೊಳಗಿರುವುದನ್ನು ಹುಡುಕಿ ಮಾತಾಗಿಸಬೇಕು. ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ. ಬ್ರೆಡ್ ಕಾರ್ಖಾನೆಯಲ್ಲಿ ಕತ್ತರಿಸುವ ಯಂತ್ರ ನಿಧಾನವಾದರೂ ಬ್ರೆಡ್ ಬರುತ್ತಲೇ ಇದ್ದರೆ ರಾಶಿ ಬೀಳುವಂತೆ ಪ್ರಶ್ನೆಗಳು ತಲೆಯಲ್ಲಿ ರಾಶಿ ಬಿದ್ದವು ಎಂದು ಕ್ರಿಸ್ಟೋಫರನೇ ಹೇಳುತ್ತಾನೆ. ಅವನು ಹಣೆಯನ್ನು ಹುಲ್ಲಿಗೆ ಒತ್ತಿ ನರಳತೊಡಗುತ್ತಾನೆ. ಪೊಲೀಸ್ ತೋಳು ಹಿಡಿದು ಎಬ್ಬಿಸುತ್ತಾನೆ. ಮುಟ್ಟಿದ ಕೂಡಲೇ ಹುಡುಗ ಹೊಡೆಯುತ್ತಾನೆ.

ಪೊಲೀಸ್ ಕೆಟ್ಟವನಲ್ಲ, ಸಹಾಯ ಮಾಡಲೆಂದೇ ಕೈ ಹಿಡಿದಿರಬಹುದು. ಮನೆಗಳಲ್ಲಿ ಆಗುವುದೂ ಇದೇ. ಮಗು ಕಿವಿ ಮುಚ್ಚಿಕೊಂಡಾಗ, ನೆಲಕ್ಕೆ ಕೂತಾಗ ‘ಏನಾಯ್ತು, ಯಾಕೆ ಹೀಗೆ ಮಾಡ್ತೀಯ, ಏಳು, ಎಲ್ಲರೂ ನೋಡ್ತಿದ್ದಾರೆ’ ಎಂದು ನಾಲ್ಕು ಮಾತು ಒಟ್ಟಿಗೆ ಬೀಳುತ್ತವೆ, ಜೊತೆಗೆ ರಟ್ಟೆಗೆ ಕೈ. ಇದನ್ನು ತಲೆಕೆಳಗು ಮಾಡಿ. ಮೊದಲು ಸದ್ದು, ಬೆಳಕು, ಜನ ಕಡಿಮೆ ಮಾಡಿ: ಮಿಕ್ಸಿ ಆಫ್, ಟಿವಿ ಆಫ್, ಸುತ್ತ ನಿಂತ ನೆಂಟರು ಆಚೆ. ಕೈ ಚಾಚಿದರೆ ತಾಗದಷ್ಟು ದೂರದಲ್ಲಿ ಕೂರಿ. ರಸ್ತೆ, ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಮುಟ್ಟಬೇಡಿ. ಆ ಹೊತ್ತಿನಲ್ಲಿ ಪ್ರಶ್ನೆಯೇ ಬೇಡ. ಸಮಾಧಾನವಾದ ಮೇಲೆ ಒಂದೇ ಪ್ರಶ್ನೆ, ಅದೂ ‘ಯಾಕೆ’ ಅಲ್ಲ: ‘ಕಿವಿ ನೋವಾಯ್ತಾ?’ ಥರದ್ದು. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಉತ್ತರ ಬರಲಿಲ್ಲ ಅಂತ ಅದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಕೇಳುವುದು ತೀರಾ ಸಾಮಾನ್ಯವಾದ ತಪ್ಪು. ಕೇಳುವ ಮಗುವಿಗೆ ಅದು ಹೊಸ ಪ್ರಶ್ನೆ, ಲೆಕ್ಕ ಮತ್ತೆ ಮೊದಲಿಂದ. ಮತ್ತೆ ಕೇಳಲೇಬೇಕಾದರೆ ಅದೇ ಪದಗಳಲ್ಲಿ ಕೇಳಿ.

ಇಡೀ ಪುಸ್ತಕದಲ್ಲಿ ಕಲಿಯಲು ಅತಿ ಹೆಚ್ಚು ಸಿಗುವುದು ಶಾಲೆಯ ಶಿಕ್ಷಕಿ ಶಿವಾನ್ ಅವರಿಂದ. ‘ಸುಮ್ಮನಿರು’ ಅಂದರೆ ಎಷ್ಟು ಹೊತ್ತು? ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕ ಯಾವ ಹುಲ್ಲಿನ ಬಗ್ಗೆ? ಕ್ರಿಸ್ಟೋಫರ್‌ನ ಈ ಪ್ರಶ್ನೆಗಳು ಅಧಿಕಪ್ರಸಂಗವಲ್ಲ, ನಿಜವಾದ ಗೊಂದಲ. ಶಿವಾನ್ ಇದನ್ನು ಬಲ್ಲವರು. ಕ್ರಿಸ್ಟೋಫರ್ ಸಹಪಾಠಿ ಹುಡುಗಿಯನ್ನು ಹೊಡೆದಾಗ ಅವರು ‘ಜಾಣನಾಗಿರು’ ಎನ್ನುವುದಿಲ್ಲ. ಅವಳು ಮೊದಲು ಹೊಡೆದರೂ ನೀನು ಹೊಡೆಯಕೂಡದು. ಮತ್ತೆ ಹೊಡೆದರೆ ದೂರ ಸರಿ, ಅಲುಗಾಡದೆ ನಿಂತು 1ರಿಂದ 50ರವರೆಗೆ ಎಣಿಸು, ಆಮೇಲೆ ನನಗೋ ಬೇರೆ ಸಿಬ್ಬಂದಿಗೋ ಬಂದು ಹೇಳು ಎನ್ನುತ್ತಾರೆ. ಏನು ಮಾಡಬಾರದು, ಬದಲಿಗೆ ಏನು ಮಾಡಬೇಕು, ಎಷ್ಟು ಹೊತ್ತು, ಆಮೇಲೆ ಯಾರ ಬಳಿ ಹೋಗಬೇಕು, ನಾಲ್ಕೂ ಅದರಲ್ಲಿವೆ.

ನಿಮ್ಮ ಅಕ್ಕನ ಮನೆಯ ಮಾತುಗಳನ್ನು ಹೀಗೆ ಬದಲಿಸಿ ನೋಡಿ. ‘ಬೇಗ ರೆಡಿಯಾಗು’ ಬದಲು ‘ಈಗ ಶರ್ಟ್ ಹಾಕಿಕೋ, ಆಮೇಲೆ ಸಾಕ್ಸ್, 8 ಗಂಟೆಗೆ ಬಾಗಿಲ ಹತ್ತಿರ ಬಾ’. ‘ಅಲ್ಲಿ ಗಲಾಟೆ ಮಾಡಬೇಡ’ ಬದಲು ‘ಮದುವೆ ಮನೆಯಲ್ಲಿ ವಾಲಗದ ಸದ್ದು ಜೋರಾದರೆ ನನ್ನ ಕೈಗೆ ಈ ಕಾರ್ಡ್ ಕೊಡು, ನಾವಿಬ್ಬರೂ ಹೊರಗೆ ಹೋಗೋಣ’. ಹೇಳಿದ ಮೇಲೆ ನಡೆಸಿಕೊಡಬೇಕು. ಕಾರ್ಡ್ ಕೊಟ್ಟಾಗ ‘ಇನ್ನೊಂದು ಐದು ನಿಮಿಷ ಇರು’ ಅಂದರೆ ಆ ಕಾರ್ಡಿಗೆ ಮತ್ತೆ ಬೆಲೆ ಇರುವುದಿಲ್ಲ.

ನಿಯಮದ ಉದ್ದೇಶವನ್ನೂ ಹೇಳಬೇಕು ಎನ್ನುವುದಕ್ಕೆ ಅಪ್ಪನ ಎಡವಟ್ಟು ಸಾಕ್ಷಿ. ನಾಯಿ ಪ್ರಕರಣದ ತನಿಖೆ ನಿಲ್ಲಿಸು ಎಂದು ಅಪ್ಪ ಒಂದೊಂದಾಗಿ ಷರತ್ತು ಹಾಕಿ ಮಾತು ತೆಗೆದುಕೊಳ್ಳುತ್ತಾನೆ. ಹುಡುಗ ಆ ಷರತ್ತುಗಳನ್ನು ಅಕ್ಷರಶಃ ಪಾಲಿಸುತ್ತಲೇ, ಅವುಗಳಲ್ಲಿ ಇಲ್ಲದ ಜಾಗ ಹುಡುಕಿ ಅದೇ ಬೀದಿಯ ಅಜ್ಜಿಯ ಜೊತೆ ಮಾತಿಗೆ ಇಳಿಯುತ್ತಾನೆ. ಮೋಸ ಮಾಡುತ್ತಿದ್ದೇನೆ ಎಂಬ ಭಾವನೆ ಅವನಿಗೆ ಇಲ್ಲ.

ಕಾದಂಬರಿಯ ಹೃದಯ ಇರುವುದು ಇನ್ನೂ ಮುಂದೆ. ಅಮ್ಮ ಹೃದಯಾಘಾತದಿಂದ ತೀರಿಕೊಂಡಳು ಎಂದು ಅಪ್ಪ ಹೇಳಿರುತ್ತಾನೆ. ಆಕೆ ಲಂಡನ್‌ನಲ್ಲಿ ಬದುಕಿದ್ದಾಳೆ. ಆಕೆ ಬರೆದ ಕಾಗದಗಳನ್ನು ಅಪ್ಪ ಬೀರುವಿನ ಡಬ್ಬದಲ್ಲಿ ಬಚ್ಚಿಟ್ಟಿದ್ದಾನೆ. ಕಾಗದಗಳು ಸಿಕ್ಕಾಗ ಹುಡುಗನಿಗೆ ವಾಂತಿಯಾಗುತ್ತದೆ. ಅಪ್ಪ ಮೈ ತೊಳೆಸಿ, ನಂಬಿಕೆ ಮರಳಿ ಬರಲೆಂದು ಎಲ್ಲವನ್ನೂ ಒಮ್ಮೆಗೇ ಒಪ್ಪಿಕೊಳ್ಳುತ್ತಾನೆ, ನಾಯಿಯನ್ನು ಕೊಂದದ್ದು ತಾನೇ ಎಂಬುದನ್ನೂ. ಹುಡುಗನ ಲೆಕ್ಕ ನೇರ: ಸುಳ್ಳು ಹೇಳಿದವನು, ನಾಯಿಯನ್ನು ಕೊಂದವನು, ನನ್ನನ್ನೂ ಕೊಲ್ಲಬಹುದು. ಮನೆ ಬಿಟ್ಟು ಒಬ್ಬನೇ ಲಂಡನ್‌ಗೆ ಹೊರಡುತ್ತಾನೆ. ಇದನ್ನು ‘ಅವನಿಗೆ ಭಾವನೆಗಳಿಲ್ಲ’ ಎಂದು ಓದುವವರು ಇದ್ದಾರೆ. ನಮ್ಮ ಪ್ರಕಾರ ಅದು ಪುಸ್ತಕವನ್ನು ಪೂರ್ತಿ ತಪ್ಪಾಗಿ ಓದಿದ ಹಾಗೆ. ವಾಂತಿ, ನರಳಾಟ, ಮುದುಡಿ ಕೂರುವುದು, ಎಲ್ಲವೂ ಭಾವನೆಯೇ. ಮುಖದಲ್ಲಿ ನಾವು ನಿರೀಕ್ಷಿಸುವ ರೂಪದಲ್ಲಿ ಕಾಣುವುದಿಲ್ಲ ಅಷ್ಟೆ.

ನಮ್ಮಲ್ಲೂ ‘ಮಗುವಿಗೆ ಅರ್ಥವಾಗಲ್ಲ’ ಎಂದು ಸಾವು, ಬೇರ್ಪಡುವುದು, ಊರು ಬದಲಿಸುವುದನ್ನೆಲ್ಲ ಮುಚ್ಚಿಡುತ್ತಾರೆ. ಚಿಕ್ಕ ವಾಕ್ಯಗಳಲ್ಲಿ ನಿಜ ಹೇಳಿ. ‘ತಾತ ದೇವರ ಹತ್ತಿರ ಮಲಗಿದ್ದಾರೆ’ ಅಂದರೆ ರಾತ್ರಿ ಮಲಗಲು ಹೆದರುವ ಮಕ್ಕಳಿದ್ದಾರೆ. ‘ತಾತ ಸತ್ತುಹೋದರು. ಅವರ ದೇಹ ಕೆಲಸ ನಿಲ್ಲಿಸಿತು. ಅವರು ವಾಪಸ್ ಬರುವುದಿಲ್ಲ. ನಾನು, ಅಮ್ಮ ಇಲ್ಲೇ ಇರುತ್ತೇವೆ’ ಎಂಬುದು ಕಠಿಣ ಅನಿಸಿದರೂ ಹೆದರಿಸುವುದು ಕಡಿಮೆ. ಮುರಿದ ನಂಬಿಕೆಯನ್ನು ಅಪ್ಪ ಕೊನೆಯಲ್ಲಿ ಹೇಗೆ ಕಟ್ಟಲು ಶುರುಮಾಡುತ್ತಾನೆ ನೋಡಿ: ಅಡುಗೆಮನೆಯ ಟೈಮರ್ ಐದು ನಿಮಿಷಕ್ಕೆ ಇಡುತ್ತಾನೆ, ಅಷ್ಟೇ ಹೊತ್ತು ಮಾತು. ಯಾವಾಗ ಮುಗಿಯುತ್ತದೆ ಎಂದು ಗೊತ್ತಿದ್ದರೆ ಕಷ್ಟದ ಮಾತನ್ನೂ ಕೇಳಿಸಿಕೊಳ್ಳಬಹುದು. ಅಪ್ಪುಗೆಯ ಬದಲು ಬೆರಳುಗಳನ್ನು ಬೀಸಣಿಗೆಯಂತೆ ಅಗಲಿಸಿ ತುದಿ ತಾಗಿಸುವ ಅವರಿಬ್ಬರ ರೂಢಿಯೂ ಅಂಥದ್ದೇ: ಪ್ರೀತಿ ಇದೆ, ಹಿಡಿತವಿಲ್ಲ.

ಈಗ ಎಚ್ಚರಿಕೆಯ ಮಾತು. ಕಥೆಯೊಳಗೆ ಆಟಿಸಂ ಎಂಬ ಪದವೇ ಬರುವುದಿಲ್ಲ; ತಾವು ಆ ವಿಷಯದ ತಜ್ಞರಲ್ಲ ಎಂದು ಹ್ಯಾಡನ್ ಅವರೇ ಹೇಳಿದ್ದಾರೆ. ಆಟಿಸಂ ಇರುವ ಓದುಗರಲ್ಲೇ ಹಲವರು ಈ ಪಾತ್ರವನ್ನು ಒಪ್ಪುವುದಿಲ್ಲ. ಗಣಿತದಲ್ಲಿ ಅಸಾಧಾರಣ ಪ್ರತಿಭೆ ಎಲ್ಲರಿಗೂ ಇರುವುದಿಲ್ಲ. ಮಾತೇ ಬಾರದ ಮಕ್ಕಳು, ಅಪ್ಪುಗೆ ಬೇಡಿ ಪಡೆಯುವ ಮಕ್ಕಳು, ಎಲ್ಲ ಮುಚ್ಚಿಟ್ಟುಕೊಂಡು ಶಾಲೆಯಲ್ಲಿ ಹೊಂದಿಕೊಂಡು ಮನೆಗೆ ಬಂದು ಕುಸಿಯುವ ಹೆಣ್ಣುಮಕ್ಕಳು ಈ ಪುಟಗಳಲ್ಲಿ ಇಲ್ಲ. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ, ಸ್ವತಃ ಆಟಿಸಂ ಇರುವ ಸಂಶೋಧಕ ಒಂದು ಮಾತು ಮುಂದಿಟ್ಟರು: ಅರ್ಥವಾಗದಿರುವುದು ಎರಡೂ ಕಡೆಯ ತೊಂದರೆ, ಅವರದೊಂದೇ ಅಲ್ಲ. ಕಾದಂಬರಿಯನ್ನು ಆ ಕಣ್ಣಿನಿಂದ ಓದಿದರೆ ಪೊಲೀಸನ ದೃಶ್ಯವೇ ಬೇರೆ ಕಾಣುತ್ತದೆ.

ಕ್ರಿಸ್ಟೋಫರ್ ಎ ಲೆವೆಲ್ (ನಮ್ಮ ಹನ್ನೆರಡನೇ ತರಗತಿ ಮಟ್ಟದ) ಗಣಿತ ಪರೀಕ್ಷೆ ಬರೆಯಲು ಅಪ್ಪ ಮುಖ್ಯೋಪಾಧ್ಯಾಯಿನಿಯ ಜೊತೆ ವಾದಿಸಬೇಕಾಗುತ್ತದೆ. ಇಲ್ಲಿನ ಪಾಲಕರಿಗೆ ಕಾನೂನಿನ ಬೆಂಬಲ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಒಂದು. ಕೇಂದ್ರದ 2018ರ ಮಾರ್ಗಸೂಚಿ, 40 ಶೇಕಡಾ ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದು ಬರೆಯುವುದಕ್ಕೆ ತೊಂದರೆ ಇರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಟ್ಟಿತ್ತು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಪ್ರಮಾಣಪತ್ರ ಕೈಗೆ ಬರಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಹತ್ತನೇ ತರಗತಿಯವರೆಗೆ ಕಾಯದೆ ಎಂಟರಲ್ಲೇ ಶಾಲೆಗೆ ಲಿಖಿತವಾಗಿ ಕೇಳಿ.

ಪುಸ್ತಕವನ್ನು ಅಕ್ಕನ ಮಗನ ಕೈಗೇ ಕೊಡುವ ಯೋಚನೆ ಇದ್ದರೆ ಮೊದಲು ನೀವು ಮುಗಿಸಿ. ಬೈಗುಳಗಳಿವೆ, ಮನೆಯ ಜಗಳ ಇದೆ, ಪ್ರಾಣಿಯ ಸಾವಿದೆ. ಓದಿದ ಮೇಲೆ ‘ನೀನೂ ಹೀಗೇನಾ?’ ಎಂದು ಕೇಳಬೇಡಿ. ‘ಇದರಲ್ಲಿ ಯಾವುದು ನಿನಗೆ ಸರಿ ಅನ್ನಿಸಲಿಲ್ಲ?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಬರೆದು ಕೊಡುತ್ತೇನೆ ಅಂದರೆ ಬರೆಯಲು ಬಿಡಿ.